ಜಾಮಿಟ್ರಿ ಬಾಕ್ಸಲ್ಲಿ ಹಿಡಿಯೋವಷ್ಟು ಬಣ್ಣ ಸಾಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು, ಹೊರಗಡೆ ಕೂತು ಚಿತ್ರ ಬರೆಯೋಕೆ ಏನೇನು ಸಾಮಾನು ಬೇಕು ಅಂತ. ಉಳಿದ ಕಾಲು ಪಾಲು "ನಂಗೆ ಇದೆಲ್ಲ ಬರುತ್ತಾ" ಅನ್ನೋದು. ಎರಡೂ ಒಂದೇ ಪ್ರಶ್ನೆ ಅಂತ ನನಗೆ ಅನುಮಾನ, ಯಾಕಂದ್ರೆ ಸಾಮಾನು ಹುಡುಕ್ತಾ ಇರೋವಷ್ಟು ದಿನ ಚಿತ್ರ ಬರೆಯೋದನ್ನ ಮುಂದಕ್ಕೆ ಹಾಕಬಹುದಲ್ಲ. ಇರಲಿ, ಒಂದೊಂದಾಗಿ ನೋಡೋಣ.

ಪ್ರ: ಸರ್, ನಾನು ಬ್ಯಾಂಕಲ್ಲಿ ಕೆಲಸ ಮಾಡೋದು, ಭಾನುವಾರ ಮಾತ್ರ ಬಿಡುವು. ಆನ್‌ಲೈನಲ್ಲಿ ಫ್ರೆಂಚ್ ಈಸೆಲ್ (ಚಿತ್ರ ನಿಲ್ಲಿಸೋ ಸ್ಟ್ಯಾಂಡ್) ನೋಡಿದೆ, ಮರದ್ದು, ಮೂರು ಕಾಲು, ಮಧ್ಯೆ ಡ್ರಾಯರ್, ನೋಡೋಕೆ ತುಂಬಾ ಚೆನ್ನಾಗಿದೆ. ತಗೊಳ್ಳಲಾ? ವಾಟರ್‌ಕಲರ್ ಶುರು ಮಾಡಿ ಆರು ತಿಂಗಳಾಯ್ತು.
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉ: ಬೇಡ. ಚೆನ್ನಾಗಿಲ್ಲ ಅಂತ ಅಲ್ಲ, ಅದು ಎಷ್ಟೋ ಕಾಲದಿಂದ ಎಣ್ಣೆ ಬಣ್ಣದೋರು ಹೊತ್ಕೊಂಡು ತಿರುಗಿರೋ ಒಳ್ಳೇ ಸಾಮಾನು, ಆದ್ರೆ ಫುಲ್ ಸೈಜಿಂದು ಖಾಲಿ ಇದ್ದಾಗ್ಲೇ ಆರೇಳು ಕೆಜಿ ತೂಗುತ್ತೆ. ಅದರೊಳಗೆ ಬಣ್ಣ, ಬಾಟ್ಲಿ, ಬ್ರಷ್ ಎಲ್ಲ ಹಾಕಿ ಸ್ಕೂಟರ್ ಮುಂದೆ ಇಟ್ಕೊಂಡು ತುಂಗಾ ತೀರಕ್ಕೆ ಹೋಗಿ ಕಾಲು ಬಿಚ್ಚಿ ಸ್ಕ್ರೂ ಬಿಗಿ ಮಾಡೋ ಹೊತ್ತಿಗೆ ಬೆಳಗಿನ ಬೆಳಕು ಹೋಗಿರುತ್ತೆ. ಮೊದಲ ತಿಂಗಳು ಉತ್ಸಾಹದಲ್ಲಿ ಹೊರ್ತೀರಿ, ಎರಡನೇ ತಿಂಗಳು ಮಂಚದ ಕೆಳಗೆ ಹೋಗುತ್ತೆ. ವಾಟರ್‌ಕಲರಿಗೆ ಈಸೆಲ್ಲೇ ಬೇಕಾಗಿಲ್ಲ, ಹಾಳೆ ತೊಡೆ ಮೇಲೆ ಸ್ವಲ್ಪ ಓರೆಯಾಗಿದ್ರೆ ಸಾಕು, ಪೂರ್ತಿ ನೆಟ್ಟಗೆ ನಿಲ್ಲಿಸಿದ್ರೆ ಬಣ್ಣ ಕೆಳಗೆ ಓಡುತ್ತೆ.

ನಿಮಗೆ ಬೇಕಾಗಿರೋದು ಏನು ಅಂತ ಹೇಳ್ತೀನಿ, ಅರ್ಧಕ್ಕರ್ಧ ಮನೇಲೇ ಸಿಗುತ್ತೆ. ಮಕ್ಕಳ ಹಳೇ ಜಾಮಿಟ್ರಿ ಬಾಕ್ಸ್, ತಗಡಿಂದು. ಒಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದುಬಿಡಿ, ಮುಚ್ಚಳದ ಒಳಗಡೆ ಬಿಳಿ ಎನಾಮಲ್ ಪೇಂಟ್ ಎರಡು ಕೋಟ್ ಹೊಡೆದು ಎರಡು ಮೂರು ದಿನ ಚೆನ್ನಾಗಿ ಒಣಗಿಸಿ, ಅದೇ ನಿಮ್ಮ ಮಿಕ್ಸಿಂಗ್ ಪ್ಯಾಲೆಟ್. ಕೆಳಗಡೆ ಹಾಫ್ ಪ್ಯಾನ್ ಅನ್ನೋ ಪುಟ್ಟ ಪ್ಲಾಸ್ಟಿಕ್ ತೊಟ್ಟಿಗಳನ್ನ ಡಬಲ್ ಸೈಡ್ ಟೇಪಲ್ಲಿ ಅಂಟಿಸಿ, ಅವು ಖಾಲಿ ಪ್ಯಾಕೆಟ್ಟಲ್ಲಿ ಸಿಗುತ್ತವೆ, ಸಿಗದಿದ್ರೆ ನೀರಿನ ಬಾಟ್ಲಿ ಮುಚ್ಚಳನೂ ನಡೆಯುತ್ತೆ. ಒಂದೊಂದಕ್ಕೂ ಟ್ಯೂಬಿಂದ ಬಣ್ಣ ಹಿಂಡಿ ಎರಡು ದಿನ ನೆರಳಲ್ಲಿ ಒಣಗಕ್ಕೆ ಬಿಡಿ. ಒಂದು ಹಾಫ್ ಪ್ಯಾನಿಗೆ ಹೆಚ್ಚು ಕಮ್ಮಿ ಒಂದೂವರೆ ಎರಡು ಎಂಎಲ್ ಹಿಡಿಯುತ್ತೆ, ಅಂದ್ರೆ 5 ಎಂಎಲ್ ಟ್ಯೂಬ್ ಒಂದು ತಗೊಂಡ್ರೆ ಎರಡು ಮೂರು ಸಲ ತುಂಬಿಸ್ಬಹುದು. ಸ್ಟೂಡೆಂಟ್ ಕ್ವಾಲಿಟಿ ಬಣ್ಣ ಕೆಲವು ಒಣಗಿದ ಮೇಲೆ ಬಿರುಕು ಬಿಟ್ಟು ಉದುರ್ತವೆ, ಹಿಂಡುವಾಗ್ಲೇ ಒಂದು ಹನಿ ಗ್ಲಿಸರಿನ್ ಹಾಕಿ ಕಡ್ಡೀಲಿ ಕಲೆಸಿದ್ರೆ ಸರಿಹೋಗುತ್ತೆ (ಮಲೆನಾಡಿನ ಮಳೆಯಲ್ಲಿರೋರು ಇದನ್ನ ಮಾಡಬೇಡಿ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ).

ಬಣ್ಣ ಎಷ್ಟು ಅಂದ್ರೆ ಆರು ಸಾಕು. ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಒಂದು ತಣ್ಣಗಿನ (ಅಂದ್ರೆ ಸ್ವಲ್ಪ ನೀಲಿ ಕಡೆ ವಾಲಿರೋ) ಕೆಂಪು. ಕೆಂಪು ತಗೊಳ್ಳುವಾಗ ಟ್ಯೂಬ್ ಹಿಂದೆ ಪಿಗ್ಮೆಂಟ್ ನಂಬರ್ ನೋಡಿ, ಪಿಆರ್ 83 ಅಂತಿದ್ರೆ ಅದು ಹಳೇ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸಿ ಹೋಗುತ್ತೆ, ಪಿವಿ 19 ಅಂತಿದ್ರೆ ಧೈರ್ಯವಾಗಿ ತಗೊಳ್ಳಿ. ಹಸಿರು, ಕಪ್ಪು ಯಾವುದೂ ಬೇಡ. ಥ್ಯಾಲೋಗೆ ಲೆಮನ್ ಸೇರಿಸಿದ್ರೆ ಭತ್ತದ ಸಸಿಮಡಿ ಹಸಿರು ಬರುತ್ತೆ, ಅಲ್ಟ್ರಾಮರೀನಿಗೆ ಓಕರ್ ಸೇರಿಸಿದ್ರೆ ದೂರದ ಗುಡ್ಡದ ಮಂಕು ಹಸಿರು, ಅದಕ್ಕೇ ಬರ್ಂಟ್ ಸಿಯೆನ್ನಾ ಸ್ವಲ್ಪ ಬಿದ್ರೆ ಅಡಿಕೆ ತೋಟದೊಳಗಿನ ಕತ್ತಲು. ಅಲ್ಟ್ರಾಮರೀನ್ ಜೊತೆ ಬರ್ಂಟ್ ಸಿಯೆನ್ನಾ ಗಟ್ಟಿಯಾಗಿ ಕಲೆಸಿ ನೋಡಿ, ಟ್ಯೂಬಿನ ಕಪ್ಪಿಗಿಂತ ಎಷ್ಟೋ ಜೀವ ಇರೋ ಕಪ್ಪು ಅದು, ನೀರು ಹಾಕ್ತಾ ಹೋದ್ರೆ ಮಳೆ ಮೋಡದ ಬೂದು ಬಣ್ಣ.

ಬೋರ್ಡಿಗೆ ಪರೀಕ್ಷೆಗೆ ತಗೊಂಡು ಹೋಗ್ತಿದ್ವಲ್ಲ ಆ ಎಕ್ಸಾಮ್ ಪ್ಯಾಡ್, ಕ್ಲಿಪ್ ಸಮೇತ ಇರುತ್ತೆ, ಇನ್ನೇನು ಬೇಕು. ಹಾಳೆ ಮಾತ್ರ ಜಿಪುಣತನ ಮಾಡಬೇಡಿ, 300 ಜಿಎಸ್‌ಎಮ್ (ಹಾಳೆ ಎಷ್ಟು ದಪ್ಪ ಅನ್ನೋ ಲೆಕ್ಕ) ಇರಲಿ, ಸಾಧ್ಯ ಆದ್ರೆ ಹತ್ತಿಯದು. ಬಣ್ಣ ಸಾಧಾರಣ ಇದ್ದು ಹಾಳೆ ಚೆನ್ನಾಗಿದ್ರೆ ಚಿತ್ರ ಬರುತ್ತೆ, ಬಣ್ಣ ಎಷ್ಟೇ ದುಬಾರಿ ಇದ್ರೂ ಡ್ರಾಯಿಂಗ್ ಬುಕ್ ಹಾಳೆ ಮೇಲೆ ಅದು ಕೆಸರೇ. 22×30 ಇಂಚಿನ ಫುಲ್ ಶೀಟ್ ತಗೊಂಡು ಹದಿನಾರು ತುಂಡು ಮಾಡಿದ್ರೆ ಐದೂವರೆ ಏಳೂವರೆ ಇಂಚಿನ ಹಾಳೆಗಳು, ಲೆಕ್ಕ ಹಾಕಿದ್ರೆ ಸ್ಕೆಚ್‌ಬುಕ್ಕಿಗಿಂತ ಅಗ್ಗವೇ ಬೀಳುತ್ತೆ, ಕೆಟ್ಟರೂ ಹೊಟ್ಟೆ ಉರಿಯಲ್ಲ. ಬ್ರಷ್ ಎರಡು, ತುದಿ ಚೂಪಾಗಿ ನಿಲ್ಲೋ 8 ಅಥವಾ 10 ನಂಬರ್ ರೌಂಡ್ ಒಂದು, ಮುಕ್ಕಾಲು ಇಂಚಿನ ಫ್ಲಾಟ್ ಒಂದು. ನೀರಿಗೆ ಎರಡು ಪುಟ್ಟ ಡಬ್ಬಿ, ಒಂದು ತೊಳೆಯೋಕೆ ಇನ್ನೊಂದು ಚೊಕ್ಕ ನೀರಿಗೆ. ಹಳೇ ಕಾಟನ್ ಪಂಚೆ ತುಂಡು. ಎಲ್ಲ ಸೇರಿ ಒಂದು ಕೆಜಿ ಒಳಗೇ ಬರುತ್ತೆ, ಆಫೀಸ್ ಬ್ಯಾಗಲ್ಲೇ ಇಟ್ಬಿಡಿ, ಭಾನುವಾರಕ್ಕೆ ಅಂತ ಕಾಯೋದೇ ತಪ್ಪುತ್ತೆ, ಊಟದ ಬಿಡುವಲ್ಲಿ ಕಿಟಕಿಯಾಚೆ ಕಾಣೋ ಮರ ಬರೆದ್ರೂ ಬರೆದ ಹಾಗೇ.

ಪ್ರ: ನಮ್ಮೂರಲ್ಲಿ ಜೂನ್ ಬಂತು ಅಂದ್ರೆ ಬಣ್ಣದ ಪೆಟ್ಟಿಗೇಲಿ ಬೂಸ್ಟು ಬರುತ್ತೆ. ಬಿಳಿ ಬಿಳಿಯಾಗಿ ಹತ್ತಿ ತರಹ. ಹಾಳೆನೂ ಮೆತ್ತಗಾಗಿ ಬಣ್ಣ ಹೀರ್ಕೊಂಡು ಕಲೆ ಕಲೆ ಆಗ್ತದೆ. ಮಳೆಗಾಲದಲ್ಲಿ ಚಿತ್ರ ಬರೆಯೋದನ್ನೇ ಬಿಡಬೇಕಾ?
– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉ: ಬಿಡೋದ್ಯಾಕೆ ಮೇಡಂ, ವರ್ಷದಲ್ಲಿ ನಾಲ್ಕು ತಿಂಗಳು ಅದೇ ಅಲ್ವಾ ನಿಮ್ಮೂರು.

ವಾಟರ್‌ಕಲರಲ್ಲಿ ಬಣ್ಣದ ಪುಡಿಯನ್ನ ಹಿಡಿದಿಡೋದು ಗಮ್ ಅರೇಬಿಕ್, ಅಂದ್ರೆ ಮರದ ಅಂಟು. ಬೂಸ್ಟಿಗೆ ಅದು ಊಟ. ಮೆತ್ತಗೆ ಇರ್ಲಿ ಅಂತ ಕೆಲವು ಕಂಪನಿಯವರು ಜೇನುತುಪ್ಪ ಹಾಕ್ತಾರೆ, ಅಂಥ ಬಣ್ಣ ಬಯಲುಸೀಮೇಲಿ ಬಹಳ ಚೆನ್ನಾಗಿರುತ್ತೆ, ನಿಮ್ಮ ಕಡೆ ಮಾತ್ರ ಮಳೆಗಾಲ ಮುಗಿಯೋ ತನಕ ಒಣಗೋದೇ ಇಲ್ಲ, ಪೆಟ್ಟಿಗೆ ಓರೆ ಹಿಡಿದ್ರೆ ಜಾರಿ ಪಕ್ಕದ ಬಣ್ಣದ ಮನೆಗೆ ಹೋಗುತ್ತೆ. ಗ್ಲಿಸರಿನ್ನೂ ಹಾಗೇ, ಗಾಳೀಲಿರೋ ತೇವ ಎಳ್ಕೊಳ್ಳೋ ಗುಣ ಅದಕ್ಕೆ. ಹಾಗಾಗಿ ನಿಮಗೆ ಗಟ್ಟಿಯಾಗಿ ಒಣಗೋ ಕೇಕ್ ಬಣ್ಣವೇ ವಾಸಿ.

ಮುಖ್ಯವಾದದ್ದು, ಚಿತ್ರ ಮುಗಿದ ತಕ್ಷಣ ಪೆಟ್ಟಿಗೆ ಮುಚ್ಚಬೇಡಿ. ಬಟ್ಟೇಲಿ ಹೆಚ್ಚಿನ ನೀರು ಒರೆಸಿ ರಾತ್ರಿ ಪೂರ್ತಿ ತೆರೆದಿಡಿ, ಒಲೆ ಇರೋ ಅಡುಗೆಮನೆ ಆದ್ರೆ ಇನ್ನೂ ಒಳ್ಳೇದು. ಮುಚ್ಚಿಡುವಾಗ ಚಪ್ಪಲಿ ಡಬ್ಬೀಲಿ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದು ಒಂದೆರಡು ಒಳಗಿರಲಿ. ಬೂಸ್ಟು ಬಂದೇ ಬಂತು ಅಂದ್ರೆ ಮೇಲಿನ ಪದರ ಒದ್ದೆ ಬಟ್ಟೇಲಿ ಒರೆಸಿ ತೆಗೆದು ಬಿಸಿಲು ಬಂದ ದಿನ ಒಣಗಿಸಿ ಉಪಯೋಗಿಸ್ಬಹುದು, ಒಳಗಿಂದ ವಾಸನೆ ಬರ್ತಿದ್ರೆ ಎಸೆದುಬಿಡಿ. ಹಾಳೆ ವಿಷಯ ಏನಂದ್ರೆ, ಅದಕ್ಕೆ ಸೈಜಿಂಗ್ ಅಂತ ಒಂದು ಲೇಪ ಇರುತ್ತೆ, ಬಣ್ಣ ಒಳಗೆ ಇಳಿಯದೆ ಮೇಲೇ ನಿಲ್ಲೋದು ಅದರಿಂದ. ತೇವ ತಾಗಿ ತಾಗಿ ಆ ಲೇಪ ಹಾಳಾದಾಗ್ಲೇ ನೀವು ಹೇಳಿದ ಕಲೆ ಬರೋದು, ಅದನ್ನ ಸರಿ ಮಾಡೋಕಾಗಲ್ಲ. ಮಳೆಗಾಲಕ್ಕೆ ಮುಂಚೆ ಹತ್ತಿಪ್ಪತ್ತು ಹಾಳೆ ಮಾತ್ರ ತಗೊಂಡು ಜಿಪ್ ಕವರಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಆಗಲೇ ಕೆಟ್ಟಿರೋ ಹಾಳೆ ಮೇಲೆ ಪೆನ್ಸಿಲ್ಲು, ಆಯಿಲ್ ಪೇಸ್ಟಲ್ ನಡೆಯುತ್ತೆ.

ಮತ್ತೆ ಜಗಲಿ ಇದ್ಯಲ್ಲ ನಿಮಗೆ, ಅದಕ್ಕಿಂತ ಒಳ್ಳೇ ಸ್ಟುಡಿಯೋ ಯಾವುದು? ಒಣಗಲ್ಲ ಅಂತ ಬೈಕೊಳ್ಳೋ ಬದಲು ಒಣಗದೇ ಇರೋದನ್ನೇ ಬಳಸಿಕೊಳ್ಳಿ, ಒದ್ದೆ ಹಾಳೆ ಮೇಲೆ ಒದ್ದೆ ಬಣ್ಣ ಬಿಟ್ರೆ ಅಂಚು ಕರಗಿ ಮಂಜಿನ ಗುಡ್ಡ ತಾನೇ ಬರುತ್ತೆ, ಬಯಲುಸೀಮೆಯೋರು ಅದಕ್ಕೋಸ್ಕರ ಸ್ಪ್ರೇ ಬಾಟ್ಲಿ ಹಿಡ್ಕೊಂಡು ಒದ್ದಾಡ್ತಾರೆ. ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕನಾಲ್‌ನಲ್ಲಿ ಮಾಡಿದ ಜಲವರ್ಣಗಳನ್ನ ನೋಡಿ, ಮೋಡ, ಮಂಜು, ಗುಡ್ಡದ ಬೆಳಕು, ಅಷ್ಟರಲ್ಲೇ ಒಂದು ಜೀವಮಾನದ ಕೆಲಸ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಸಂಗ್ರಹದಲ್ಲಿ ಅವು ಇವೆ, ಹೋಗೋ ಮುಂಚೆ ತೆರೆದಿದೆಯಾ ಅಂತ ವಿಚಾರಿಸ್ಕೊಳ್ಳಿ. ಪುಸ್ತಕದ ಪ್ರಿಂಟಲ್ಲಿ ಆ ನವಿರು ಕಾಣಲ್ಲ.

ಪ್ರ: ಸರ್ ನಮಸ್ಕಾರ್ರಿ, ನಾ ಇಂಜಿನಿಯರಿಂಗ್ ಎರಡನೇ ವರ್ಷ. ಹೊರಗ ಕುಂತು ಅಕ್ರಿಲಿಕ್ ಮಾಡಬೇಕಂದ್ರ ಬಣ್ಣ ಪ್ಯಾಲೆಟ್ ಮ್ಯಾಲೇ ಒಣಗಿ ರಬ್ಬರ್ ಆಗ್ತದ. ಎರಡು ಬ್ರಷ್ ಕಟಗಿ ಆದಂಗ ಆಗ್ಯಾವ. ಏನ್ ಮಾಡಬೇಕ್ರಿ?
– ವಿದ್ಯಾರ್ಥಿ, ಕಲಬುರಗಿ

ಉ: ತಮ್ಮಾ, ಮೊದಲು ಆ ಎರಡು ಬ್ರಷ್ಷಿಗೆ ಎಳ್ಳುನೀರು ಬಿಡು. ಅಕ್ರಿಲಿಕ್ ಅಂದ್ರೆ ನೀರಲ್ಲಿ ಕದಡಿರೋ ಪ್ಲಾಸ್ಟಿಕ್ಕು, ನೀರು ಆರಿತು ಅಂದ್ರೆ ಅದು ಪ್ಲಾಸ್ಟಿಕ್ಕೇ, ವಾಪಸ್ ಕರಗಲ್ಲ. ನಿಮ್ಮಲ್ಲಿ ಬೇಸಿಗೆ 42 ಡಿಗ್ರಿ ಮುಟ್ಟುತ್ತೆ, ಗಾಳಿನೂ ಒಣ, ಬಣ್ಣ ನಿಂಗೋಸ್ಕರ ಕಾಯುತ್ತಾ?

ಸ್ಟೇ-ವೆಟ್ ಪ್ಯಾಲೆಟ್ ಅಂತ ಮಾರ್ತಾರೆ, ದುಡ್ಡು ಕೊಡಬೇಡ, ಮಾಡ್ಕೋ. ಗಟ್ಟಿ ಮುಚ್ಚಳ ಇರೋ ಚಪ್ಪಟೆ ಟಿಫಿನ್ ಡಬ್ಬಿ, ತಳದಲ್ಲಿ ಅಡುಗೆಮನೆ ಒರೆಸೋ ಸ್ಪಾಂಜ್ ಬಟ್ಟೆ ಒದ್ದೆ ಮಾಡಿ ಹಾಸು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಕೆಳಗಿನ ತೇವ ಕಾಗದದ ಮೂಲಕ ಸ್ವಲ್ಪ ಸ್ವಲ್ಪ ಮೇಲೆ ಬರ್ತಾ ಇರುತ್ತೆ, ಮುಚ್ಚಳ ಹಾಕಿಟ್ರೆ ಮಾರನೇ ದಿನಕ್ಕೂ ಬಣ್ಣ ಬಳಸಬಹುದು. ಸ್ಪಾಂಜಲ್ಲಿ ನೀರು ನಿಲ್ಲೋ ಹಾಗೆ ಮಾತ್ರ ಮಾಡಬೇಡ, ಬಣ್ಣ ತೆಳ್ಳಗಾಗಿಬಿಡುತ್ತೆ. ಬಣ್ಣ ಕಡಲೆ ಕಾಳಿನಷ್ಟೇ ಹಿಂಡು. ಕೈಯಲ್ಲಿಲ್ಲದ ಬ್ರಷ್ ಯಾವಾಗ್ಲೂ ನೀರಿನ ಡಬ್ಬಿಯೊಳಗೆ ಮಲಗಿರ್ಲಿ, ನೆಟ್ಟಗೆ ನಿಲ್ಲಿಸಿದ್ರೆ ಕೂದಲು ಸೊಟ್ಟಗಾಗುತ್ತೆ.

ಇನ್ನೊಂದು ದಾರಿ ಗ್ವಾಶ್, ಅಂದ್ರೆ ಕೆಳಗಿನ ಬಣ್ಣ ಕಾಣದ ಹಾಗೆ ಮುಚ್ಚೋ ಥರದ ವಾಟರ್‌ಕಲರ್. ಅದು ಒಣಗಿದ್ರೂ ನೀರು ಹಾಕಿದ್ರೆ ಎದ್ದೇಳುತ್ತೆ, ಅಕ್ರಿಲಿಕ್ ತರಹ ತಿಳಿ ಬಣ್ಣ ಗಾಢದ ಮೇಲೆ ಕೂರುತ್ತೆ, ಡಬ್ಬಿನೂ ಚಿಕ್ಕದು. ಬಿಸಿಲೂರಲ್ಲಿ ಹೊರಗೆ ಬರೆಯೋರಿಗೆ ನನ್ನ ವೋಟು ಅದಕ್ಕೇ.

ಜಾಗ ಮತ್ತೆ ಹೊತ್ತು ಬದಲಾಯಿಸು. ಏಪ್ರಿಲಲ್ಲಿ ಹನ್ನೊಂದು ಗಂಟೆಗೆ ಹೊರಗೆ ಕೂರೋದು ಕಲೆ ಅಲ್ಲ, ಹಟ. ಬೆಳಗ್ಗೆ ಆರೂವರೆಯಿಂದ ಎಂಟೂವರೆ ಒಳಗೆ ಮುಗಿಸು, ನೆರಳು ಉದ್ದ ಇರುತ್ತೆ, ಆಕಾರ ಚೆನ್ನಾಗಿ ಕಾಣುತ್ತೆ. ಹಾಳೆ ಮೇಲೆ ಬಿಸಿಲು ನೇರ ಬೀಳದ ಹಾಗೆ ಕೂರು, ಬಿದ್ರೆ ಬಣ್ಣ ಎಲ್ಲ ತಿಳಿ ಅನ್ನಿಸಿ ಗಾಢ ಹಚ್ತಾ ಹೋಗ್ತೀಯ, ಮನೆಗೆ ಬಂದು ನೋಡಿದ್ರೆ ಚಿತ್ರ ಕತ್ತಲು. ಛತ್ರಿ ಹಿಡಿದ್ರೆ ಕಪ್ಪು ಅಥವಾ ಬಿಳಿ, ಕೆಂಪು ನೀಲಿ ಛತ್ರಿ ಆದ್ರೆ ಹಾಳೆಗೂ ಅದೇ ಬಣ್ಣ ಬರುತ್ತೆ. ನಿಮ್ಮೂರ ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ ನೋಡು, ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತೆ, ಇದಕ್ಕೆ ಇಲ್ಲ, ಪೂರ್ತಿ ಚಾವಣಿ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಕಮಾನು, ನೆರಳಲ್ಲಿ ಕೂತು ಪರ್ಸ್‌ಪೆಕ್ಟಿವ್ ಕಲಿಯೋಕೆ ಇಂಥ ಜಾಗ ಬೇರೆ ಊರೋರಿಗೆ ಸಿಗಲ್ಲ. ಅಲ್ಲಿ ಪೆನ್ಸಿಲ್ ಪುಸ್ತಕ ಸಾಕು, ಹಳೇ ನೆಲದ ಮೇಲೆ ಬಣ್ಣ ಚೆಲ್ಲೋದು ಬೇಡ. ಈಸೆಲ್ಲಂತೂ ಬೇಡವೇ ಬೇಡ, ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಕೇಳ್ತಾರೆ, ಮೂರು ಕಾಲು ಕಂಡ್ರೆ ಗಾರ್ಡಿಗೆ ಅದೂ ಟ್ರೈಪಾಡೇ.

ಪ್ರ: ವಾಟರ್ ಬ್ರಷ್ (ಹಿಡಿಕೆಯೊಳಗೆ ನೀರು ತುಂಬೋದು) ಒಳ್ಳೇದಾ?
– ಓದುಗರು, ತುಮಕೂರು

ಉ: ಬಸ್ಸು, ರೈಲು, ಆಸ್ಪತ್ರೆ ಕ್ಯೂ, ಇಂಥ ಕಡೆ ಒಳ್ಳೇದು. ದೊಡ್ಡ ಆಕಾಶ ಹಚ್ಚೋಕೆ ಹೋಗಬೇಡಿ, ನೀರು ಎಷ್ಟು ಬರುತ್ತೆ ಅನ್ನೋದು ನಮ್ಮ ಕೈಲಿರಲ್ಲ.

ಪ್ರ: ನಾನು ದುಬೈನಲ್ಲಿ ಕೆಲಸದಲ್ಲಿದ್ದೇನೆ, ರಜೆಗೆ ಮಂಗಳೂರಿಗೆ ಬರುವಾಗ ಆಯಿಲ್ ಪೇಂಟ್ ತರಬೇಕು ಅಂತ ಆಸೆ. ವಿಮಾನದಲ್ಲಿ ಬಿಡ್ತಾರಾ? ಒಣಗದ ಕ್ಯಾನ್ವಾಸ್ ವಾಪಸ್ ತಗೊಂಡು ಹೋಗೋದು ಹೇಗೆ? ಮತ್ತೆ ಪೋಶಾಡ್ ಬಾಕ್ಸ್ ಅಂತ ಇದೆಯಲ್ಲ, ಅದನ್ನು ಊರಲ್ಲೇ ಆಚಾರಿ ಹತ್ತಿರ ಮಾಡಿಸಬಹುದಾ?
– ದುಬೈ ಕನ್ನಡಿಗ

ಉ: ಮೂರು ಪ್ರಶ್ನೆ, ಮೂರೂ ಒಳ್ಳೆಯವು.

ಟ್ಯೂಬಲ್ಲಿರೋದು ಅಗಸೆ ಎಣ್ಣೆ ಥರದ ಸಸ್ಯದ ಎಣ್ಣೆ ಮತ್ತೆ ಬಣ್ಣದ ಪುಡಿ, ಸುಲಭಕ್ಕೆ ಬೆಂಕಿ ಹತ್ತೋ ವಸ್ತು ಅಲ್ಲ. ಅದನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕಿ, ಜೊತೆಗೆ ಆ ಕಂಪನಿಯ ಸೇಫ್ಟಿ ಡೇಟಾ ಶೀಟ್ ಪ್ರಿಂಟ್ ಇಡಿ, ಕೇಳಿದ್ರೆ "ಆಯಿಲ್ ಪೇಂಟ್" ಅನ್ನಬೇಡಿ, ಅವರಿಗೆ ಗೇಟಿಗೆ ಹೊಡೆಯೋ ಪೇಂಟ್ ನೆನಪಾಗುತ್ತೆ, "ಆರ್ಟಿಸ್ಟ್ ಕಲರ್, ವೆಜಿಟೇಬಲ್ ಆಯಿಲಿಂದು" ಅನ್ನಿ. ಕೊನೇ ಮಾತು ಏರ್‌ಲೈನಿನವರದ್ದೇ, ಮೊದಲೇ ಕೇಳಿಬಿಡಿ. ಟರ್ಪೆಂಟೈನ್, ವೈಟ್ ಸ್ಪಿರಿಟ್ ಮಾತ್ರ ಎರಡೂ ಬ್ಯಾಗಲ್ಲಿ ಬೇಡ, ರೈಲಲ್ಲೂ ತಗೊಂಡು ಹೋಗೋ ಹಾಗಿಲ್ಲ. ನಿಜ ಹೇಳಬೇಕಂದ್ರೆ ಅದರ ಅಗತ್ಯವೂ ಇಲ್ಲ, ಬ್ರಷ್ಷನ್ನ ಬಟ್ಟೇಲಿ ಚೆನ್ನಾಗಿ ಒರೆಸಿ ಸ್ವಲ್ಪ ಕುಸುಬೆ ಎಣ್ಣೇಲಿ ಅದ್ದಿ ಮತ್ತೆ ಒರೆಸಿ, ಸಂಜೆ ಸೋಪು ನೀರಲ್ಲಿ ತೊಳೆದ್ರೆ ಆಯ್ತು. ಒಂದು ಎಚ್ಚರಿಕೆ, ಅಗಸೆ ಎಣ್ಣೆ ಮೆತ್ತಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಿದ ಪ್ರಸಂಗಗಳಿವೆ. ಬಿಡಿಸಿ ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ನೆನೆಸಿ ಬಿಸಾಕಿ.

ಅಂದಹಾಗೆ ನಿಮ್ಮ ಕೈಲಿರೋ ಟ್ಯೂಬು ಕೂಡ ಒಂದು ಪ್ರಯಾಣದ ಸಾಮಾನೇ. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ತಗಡಿನ ಟ್ಯೂಬಿಗೆ ಪೇಟೆಂಟ್ ತಗೊಳ್ಳೋ ತನಕ ಎಣ್ಣೆ ಬಣ್ಣ ಸಿಗ್ತಾ ಇದ್ದಿದ್ದು ಹಂದಿಯ ಮೂತ್ರಕೋಶದ ಚೀಲದಲ್ಲಿ, ಮೊಳೆ ಚುಚ್ಚಿ ಹಿಂಡಬೇಕು, ಒಂದ್ಸಲ ಚುಚ್ಚಿದ ಮೇಲೆ ಸರಿಯಾಗಿ ಮುಚ್ಚೋಕಾಗಲ್ಲ. ಆಮೇಲೆ ಬಂದ ಫ್ರಾನ್ಸಿನ ಚಿತ್ರಕಾರರು ಹೊಲ, ನದಿ ಅಂತ ಹೊರಗೇ ಕೂತು ಅಷ್ಟೊಂದು ಬರೆದ್ರಲ್ಲ, ಅದರಲ್ಲಿ ಈ ಟ್ಯೂಬಿನ ಪಾಲೂ ಇದೆ.

ಒಣಗದ ಚಿತ್ರ ಸಾಗಿಸೋಕೆ ದೊಡ್ಡ ಕ್ಯಾನ್ವಾಸ್ ಬಿಟ್ಟು 6×8 ಇಂಚಿನ ಬೋರ್ಡಲ್ಲಿ ಮಾಡಿ. ಎರಡು ಬೋರ್ಡನ್ನ ಮುಖಾಮುಖಿ ಹಿಡಿದು ನಾಲ್ಕು ಮೂಲೆಗೆ ಕಾರ್ಕಿನ ತುಂಡು ಇಟ್ಟು ರಬ್ಬರ್ ಬ್ಯಾಂಡ್ ಹಾಕಿದ್ರೆ ಮಧ್ಯೆ ಸಂದಿ ಉಳಿಯುತ್ತೆ, ಬಣ್ಣ ತಾಗಲ್ಲ. ರಜೆಯ ಮೊದಲ ವಾರದಲ್ಲಿ ದಪ್ಪ ಬಣ್ಣದವು, ಕೊನೇ ವಾರದಲ್ಲಿ ತೆಳು ಬಣ್ಣದವು ಬರೀರಿ, ಹೊರಡೋ ಹೊತ್ತಿಗೆ ಅರ್ಧ ಒಣಗಿರ್ತವೆ.

ಪೋಶಾಡ್ ಬಾಕ್ಸ್ ಧಾರಾಳವಾಗಿ ಮಾಡಿಸಿ. ಲ್ಯಾಪ್‌ಟಾಪ್ ತೆರೆದ ಹಾಗೆ ತೆರೆಯೋ ಪುಟ್ಟ ಪೆಟ್ಟಿಗೆ ಅಷ್ಟೇ ಅದು, ಕೆಳಗಿನ ಭಾಗ ಪ್ಯಾಲೆಟ್ಟು, ಮುಚ್ಚಳ ಬೋರ್ಡ್ ಹಿಡಿಯೋಕೆ. ಆಚಾರಿಗೆ 6 ಎಂಎಂ ಪ್ಲೈವುಡ್ ಕೊಟ್ಟು ಹತ್ತು ಇಂಚು ಉದ್ದ, ಎಂಟು ಇಂಚು ಅಗಲ, ಎರಡು ಇಂಚು ಆಳ ಹೇಳಿ. ಕಷ್ಟ ಇರೋದು ಒಂದೇ ಕಡೆ, ಮುಚ್ಚಳ ಬೇಕಾದ ಓರೆಗೆ ನಿಲ್ಲಬೇಕು, ಗಾಳಿಗೆ ಬೀಳಬಾರದು. ಬಿಗಿ ಕೀಲು (ಹಿಂಜ್) ಸಿಗದಿದ್ರೆ ಪಕ್ಕದಲ್ಲಿ ಉದ್ದ ಸಂದಿ ಕೊರೆದಿರೋ ಪಟ್ಟಿ ಹಾಕಿಸಿ ಚಿಟ್ಟೆ ನಟ್ಟಲ್ಲಿ ಬಿಗಿ ಮಾಡಿಸಿ. ತಳಕ್ಕೆ ಮರದ ತುಂಡು ಅಂಟಿಸಿ ಅದರಲ್ಲಿ ಕಾಲು ಇಂಚಿನ ಟಿ-ನಟ್ ಕೂರಿಸಿದ್ರೆ ಕ್ಯಾಮೆರಾ ಟ್ರೈಪಾಡ್ ಸ್ಕ್ರೂ ಅದಕ್ಕೆ ಹಿಡಿಯುತ್ತೆ, ಅಳತೆ ಇಂಚಿಗೆ 20 ಸುತ್ತು, ಟ್ರೈಪಾಡನ್ನೇ ಹಾರ್ಡ್‌ವೇರ್ ಅಂಗಡಿಗೆ ತಗೊಂಡು ಹೋದ್ರೆ ಅಲ್ಲೇ ತಿರುಗಿಸಿ ನೋಡ್ಬಹುದು. ಪ್ಲಾಸ್ಟಿಕ್ ಕಾಲಿನ ಅಗ್ಗದ ಟ್ರೈಪಾಡ್ ಬೇಡ. ಪಣಂಬೂರಿನ ಕಡಲ ಗಾಳಿಗೆ ಒಳ್ಳೇ ಟ್ರೈಪಾಡೂ ಅಲ್ಲಾಡುತ್ತೆ, ಮಧ್ಯದ ಕೊಕ್ಕೆಗೆ ನೀರಿನ ಬಾಟ್ಲಿ ಇರೋ ಚೀಲ ತೂಗು ಹಾಕಿ.

ಪ್ರ: ದೇವರಾಜ ಮಾರ್ಕೆಟ್ ಹತ್ರ ಕೂತು ಬರೆಯೋಕೆ ಹೋದ್ರೆ ಜನ ಸುತ್ತ ಮುತ್ಕೋತಾರೆ. "ಏನ್ ಬರೀತಿದೀಯ", "ನನ್ನ ಚಿತ್ರ ಬರಿ", ಕೆಲವರು ಫೋಟೋ ಬೇರೆ ತೆಗೀತಾರೆ. ಕೈ ನಡುಗೋಕೆ ಶುರುವಾಗುತ್ತೆ. ಎದ್ದು ಬಂದುಬಿಡ್ತೀನಿ.
– ಪದವಿ ವಿದ್ಯಾರ್ಥಿನಿ, ಮೈಸೂರು

ಉ: ಬೆನ್ನ ಹಿಂದೆ ಗೋಡೆ ಇರೋ ಜಾಗದಲ್ಲಿ ಕೂತ್ಕೊಳಮ್ಮ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ, ಹಿಂದೆ ನಿಂತು ಇಣುಕೋದು ನಿಂತ್ರೆ ಕೈ ನಡುಗೋದೂ ಕಮ್ಮಿಯಾಗುತ್ತೆ. ಹಾಳೆ ಅಂಗೈ ಅಗಲದ್ದಿದ್ರೆ ನೋಟ್ಸ್ ಬರೀತಿದಾಳೆ ಅಂತ ಯಾರೂ ತಿರುಗಿ ನೋಡಲ್ಲ. ದೊಡ್ಡ ಬೋರ್ಡು, ಈಸೆಲ್ಲು ತೆಗೆದ ಕ್ಷಣವೇ ಜಾತ್ರೆ ಶುರು. ಇಯರ್‌ಫೋನ್ ಹಾಕ್ಕೊಂಡಿರು, ಹಾಡು ಇರಬೇಕು ಅಂತೇನಿಲ್ಲ. ಬೆಳಗ್ಗೆ ಏಳಕ್ಕೆ ಹೋದ್ರೆ ಹೂವಿನವರು, ಬಾಳೆಹಣ್ಣಿನವರು ತಮ್ಮ ಕೆಲಸದಲ್ಲಿರ್ತಾರೆ, ಪುರುಸೊತ್ತಿನ ಜನ ಇನ್ನೂ ಎದ್ದಿರಲ್ಲ.

ಒಂಟಿಯಾಗಿ ಹೋಗಬೇಡ ಅಂತ ನಾನು ಹೇಳಲ್ಲ, ಆದ್ರೆ ಇಬ್ಬರು ಹೋದ್ರೆ ಗಮನ ಚಿತ್ರದ ಮೇಲಿರುತ್ತೆ, ಚೀಲದ ಮೇಲಿರಲ್ಲ. ಕ್ಲಾಸಿನ ಗೆಳತಿ ಚಿತ್ರ ಬರೆಯಬೇಕಂತಿಲ್ಲ, ಪಕ್ಕ ಕೂತು ಓದ್ಕೊಳ್ಳಲಿ. ಯಾರಾದ್ರೂ ಅತಿಯಾಗಿ ಮಾತಾಡಿಸಿದ್ರೆ, ಫೋಟೋ ತೆಗೆದ್ರೆ "ಬೇಡ" ಅಂತ ಗಟ್ಟಿಯಾಗಿ ಹೇಳಿ ಎದ್ದು ಬೇರೆ ಕಡೆ ಹೋಗು. ಹಾಗೆ ಎದ್ದು ಬರೋದು ಸೋಲಲ್ಲ.

ಮಕ್ಕಳು ಬಂದ್ರೆ ಒಂದು ಹಾಳೆ, ಒಂದು ಪೆನ್ಸಿಲ್ ಕೈಗೆ ಕೊಟ್ಟುಬಿಡು, ಅವರೇ ನಿನ್ನ ಕಾವಲುಗಾರರಾಗ್ತಾರೆ, ಬೇರೆಯೋರನ್ನ ಹತ್ತಿರ ಬಿಡಲ್ಲ. ಮೊದಲು ಮಾರ್ಕೆಟ್ ಪೂರ್ತಿ ಬರೆಯೋ ಆಸೆನೂ ಬಿಡು. ಕುಂಕುಮದ ಗೋಪುರ ಒಂದು, ತಕ್ಕಡಿ ಒಂದು, ಚೀಲದ ಮೇಲೆ ಮಲಗಿರೋ ಬೆಕ್ಕು ಒಂದು. ಹತ್ತು ನಿಮಿಷದಲ್ಲಿ ಮುಗಿಯೋ ಚಿತ್ರಕ್ಕೆ ಜನ ಸೇರೋಷ್ಟು ಟೈಮೇ ಸಿಗಲ್ಲ.

ಪ್ರ: ನನಗೆ 52. ಮಕ್ಕಳು ದೊಡ್ಡವರಾದರು, ಈಗ ಬ್ರಷ್ ಹಿಡಿದಿದ್ದೇನೆ. ಮನೆಯವರು "ಈ ವಯಸ್ಸಲ್ಲಿ ಇದೆಲ್ಲ ಯಾಕೆ" ಅಂತ ನಗುತ್ತಾರೆ. ಆನ್‌ಲೈನಲ್ಲಿ ಇಪ್ಪತ್ತು ವರ್ಷದವರ ಚಿತ್ರ ನೋಡಿದರೆ ನನ್ನದನ್ನು ಹರಿದು ಹಾಕೋಣ ಅನಿಸುತ್ತದೆ.
– ಗೃಹಿಣಿ, ದಾವಣಗೆರೆ

ಉ: ಅಮ್ಮಾ, ರುಮಾಲೆ ಚನ್ನಬಸವಯ್ಯನವರ (1910–1988) ಹೆಸರು ಕೇಳಿದ್ದೀರಾ? ದೊಡ್ಡಬಳ್ಳಾಪುರದವರು, ಸ್ವಾತಂತ್ರ್ಯ ಹೋರಾಟಗಾರರು, ಗಾಂಧಿವಾದಿ, ಪತ್ರಿಕೆ, ರಾಜಕೀಯ ಅಂತ ವರ್ಷಗಟ್ಟಲೆ ಬ್ರಷ್ಷಿಂದ ದೂರ ಇದ್ದು, ಐವತ್ತು ದಾಟಿದ ಮೇಲೆ ಪೂರ್ತಿಯಾಗಿ ಚಿತ್ರಕ್ಕೆ ವಾಪಸ್ ಬಂದೋರು. ಬೆಂಗಳೂರಿನ ಹೂ ಬಿಟ್ಟ ಮರಗಳು, ರಸ್ತೆಗಳನ್ನ ಸ್ಥಳದಲ್ಲೇ ಕ್ಯಾನ್ವಾಸ್ ಇಟ್ಕೊಂಡು ಬರೆದೋರು. ಇವತ್ತು ಆ ಮರಗಳಲ್ಲಿ ಎಷ್ಟೋ ಇಲ್ಲ, ಅವರ ಚಿತ್ರದಲ್ಲಿವೆ. ನಿಮಗೆ ಇನ್ನೂ 52, ತಡ ಏನಾಗಿಲ್ಲ.

ನಗೋರ ವಿಷಯಕ್ಕೆ ನನ್ನ ಸಲಹೆ ಸ್ವಲ್ಪ ಒರಟಾಗಿದೆ, ತೋರಿಸಬೇಡಿ. ಊಟದ ಟೇಬಲ್ ಮೇಲೆ ಚಿತ್ರ ಇಟ್ಟು "ಹೇಗಿದೆ" ಅಂತ ಕೇಳಿದ್ರೆ ತಾನೇ ಅವರು ನಗೋದು. ಸ್ಟೇಟಸ್ಸಿಗೂ ಹಾಕಬೇಡಿ ಸದ್ಯಕ್ಕೆ, ಲೈಕ್ ಎಷ್ಟು ಬಂತು ಅಂತ ನೋಡೋಕೆ ಶುರು ಮಾಡಿದ್ರೆ ಲೈಕ್ ಬರೋ ಥರದ್ದೇ ಬರೀತೀರಿ, ಸೂರ್ಯಾಸ್ತ, ದೋಣಿ, ನವಿಲು. ಪೋಸ್ಟ್‌ಕಾರ್ಡ್ ಅಳತೆಯ ಹಾಳೆಗಳನ್ನ ಕತ್ತರಿಸಿಟ್ಕೊಳ್ಳಿ, ಮನೆಯೊಳಗೆ ಕಾಣೋದನ್ನ ಬರೀರಿ, ಹೆಚ್ಚಿದ ಬದನೆಕಾಯಿ, ಬಾಗಿಲ ಚಪ್ಪಲಿ, ಬಟ್ಟೆ ಒಣಹಾಕಿದ ಹಗ್ಗ. ಒಂದೊಂದಕ್ಕೂ ಇಪ್ಪತ್ತು ನಿಮಿಷ. ಹಿಂದೆ ತಾರೀಖು ಹಾಕಿ ಡಬ್ಬಿಗೆ ಹಾಕಿಬಿಡಿ, ಹರೀಬೇಡಿ. ನೂರು ತುಂಬಿದ ಮೇಲೆ ನೆಲದ ಮೇಲೆ ಸಾಲಾಗಿ ಹರಡಿ ನೋಡಿ, ಮೊದಲ ಹತ್ತು ಮತ್ತೆ ಕೊನೇ ಹತ್ತು ಪಕ್ಕಪಕ್ಕ ಇದ್ದಾಗ ನಿಮ್ಮ ಕೈ ಎಲ್ಲಿಗೆ ಬಂದಿದೆ ಅಂತ ಬೇರೆಯವರು ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದವರ ಚಿತ್ರದಲ್ಲೂ ನಿಮಗೆ ಕಾಣ್ತಿರೋದು ಅವರು ಆರಿಸಿ ಹಾಕಿದ್ದು ಮಾತ್ರ, ಕಸದ ಬುಟ್ಟಿಗೆ ಹೋಗಿದ್ದನ್ನ ಯಾರೂ ಪೋಸ್ಟ್ ಮಾಡಲ್ಲ.

ಒಬ್ಬರಿಗೆ ತೋರಿಸಲೇಬೇಕು ಅನ್ನಿಸಿದ್ರೆ ನಿಮ್ಮೂರಲ್ಲೇ ದೃಶ್ಯಕಲಾ ಕಾಲೇಜಿದೆ, ಅಲ್ಲಿ ಪ್ರದರ್ಶನ ಇದ್ದಾಗ ಹೋಗಿ ಮಾತಾಡಿಸಿ. ಚಿತ್ರ ಬರೆಯೋರು ಇನ್ನೊಬ್ಬರ ಚಿತ್ರ ನೋಡಿ ನಗೋದು ಕಮ್ಮಿ. "ಈ ನೆರಳು ಹೀಗ್ಯಾಕೆ" ಅಂತ ಕೇಳ್ತಾರೆ, ಅದು ಉಪಯೋಗಕ್ಕೆ ಬರುತ್ತೆ.

ಪ್ರ: ಫೋಟೋ ನೋಡಿಕೊಂಡು ಬರೆದರೆ ತಪ್ಪಾ?
– ಓದುಗರು, ಉಡುಪಿ

ಉ: ತಪ್ಪಲ್ಲ. ಫೋನ್ ಕ್ಯಾಮೆರಾ ನೆರಳನ್ನ ಎಷ್ಟೋ ಸಲ ಕಪ್ಪು ಮಾಡಿಬಿಡುತ್ತೆ, ಆಕಾಶವನ್ನ ಬಿಳಿ ಮಾಡುತ್ತೆ, ಅದನ್ನೇ ನಂಬಿದ್ರೆ ನಿಮ್ಮ ಚಿತ್ರವೂ ಹಾಗೇ ಆಗುತ್ತೆ. ಸ್ಥಳದಲ್ಲಿ ಐದು ನಿಮಿಷದ ಪೆನ್ಸಿಲ್ ಸ್ಕೆಚ್ ಮಾಡಿ ಪಕ್ಕದಲ್ಲಿ ಬಣ್ಣದ ಹೆಸರು ಬರ್ಕೊಳ್ಳಿ, "ನೆರಳು ನೇರಳೆ, ಗೋಡೆ ಕೆಳಗೆ ಹಸಿರು ಛಾಯೆ" ಹೀಗೆ. ಆಮೇಲೆ ಮನೇಲಿ ಫೋಟೋ ನೋಡಿ. ಮತ್ತೆ ಬೇರೆಯೋರ ಫೋಟೋ ಆದ್ರೆ ಕೇಳಿ ಬಳಸಿ.

ಪ್ರ: ಮಗಳು ಹತ್ತನೇ ಕ್ಲಾಸು, ಚಿತ್ರಕಲೆಯನ್ನೇ ಓದ್ತೀನಿ ಅಂತಾಳೆ. ಹುಟ್ಟುಹಬ್ಬಕ್ಕೆ 72 ಬಣ್ಣದ ದೊಡ್ಡ ಸೆಟ್ ಕೊಡಿಸೋಣ ಅಂತಿದೀನಿ. ಮುಂದೆ ಓದೋಕೆ ಏನು ದಾರಿ?
– ತಂದೆ, ಹಾಸನ

ಉ: ಸೆಟ್ ಬೇಡ ಸ್ವಾಮಿ. 72 ಬಣ್ಣ ಇದ್ರೆ ಯಾವ ಬಣ್ಣ ಬೇಕೋ ಅದನ್ನ ಹುಡುಕ್ತಾಳೆ, ಆರು ಇದ್ರೆ ಕಲೆಸೋಕೆ ಕಲೀತಾಳೆ. ಅದೇ ದುಡ್ಡಲ್ಲಿ ಆರು ಆರ್ಟಿಸ್ಟ್ ಕ್ವಾಲಿಟಿ ಟ್ಯೂಬ್, ಒಂದು ಒಳ್ಳೇ ಬ್ರಷ್, ಉಳಿದಿದ್ದಕ್ಕೆಲ್ಲ ಹಾಳೆ. ಹೆಗಲಿಗೆ ಹಾಕೋ ಚೀಲ ಒಂದು ಕೊಡಿಸಿ, ಮತ್ತೆ ಭಾನುವಾರ ಹಳೇಬೀಡಿಗೋ ಗೊರೂರಿಗೋ ಕರ್ಕೊಂಡು ಹೋಗಿ ಎರಡು ಗಂಟೆ ಅವಸರ ಮಾಡದೆ ಕಾಯಿರಿ, ಉಡುಗೊರೆ ಅಂದ್ರೆ ಅದು.

ಓದಿನ ದಾರಿ ಇದೆ. ಸರ್ಕಾರದ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗಳನ್ನ ಈಗಲೇ ಕಟ್ಟಿಸಿ. ಪಿಯುಸಿ ಆದ ಮೇಲೆ ಬಿವಿಎ (ದೃಶ್ಯಕಲೆಯದ್ದು), ನಾಲ್ಕು ವರ್ಷದ ಪದವಿ, ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ (ಕಾವಾ ಅಂತಾರೆ), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆ, ಕಲಬುರಗಿ ಹೀಗೆ ಹಲವು ಕಡೆ ಇದೆ. ಬದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್ ಅವರು ಬೆಂಗಳೂರಲ್ಲಿ ಕೆನ್ ಕಲಾಶಾಲೆ ಕಟ್ಟಿ ಎಷ್ಟೋ ಹಳ್ಳಿ ಮಕ್ಕಳನ್ನ ಕಲಾವಿದರನ್ನಾಗಿ ಮಾಡಿದ್ರು, ಅಲ್ಲಿಂದ ಬಂದೋರು ಇವತ್ತು ಕರ್ನಾಟಕದ ಎಲ್ಲ ಕಡೆ ಇದಾರೆ. ದುಡಿಮೆ ಬಗ್ಗೆ ನಿಮಗೆ ಭಯ ಇದ್ರೆ ಸಹಜ, ಆದ್ರೆ ಡಿಸೈನ್, ಅನಿಮೇಷನ್, ಶಾಲೆ ಮೇಷ್ಟ್ರ ಕೆಲಸ ಎಲ್ಲಕ್ಕೂ ಬಾಗಿಲು ಇದೇ ಕಡೆಯಿಂದ. ಪ್ರವೇಶಕ್ಕೆ ಹೋಗುವಾಗ ಸ್ಕೆಚ್ ಪುಸ್ತಕಗಳನ್ನ ತಗೊಂಡು ಹೋಗ್ಲಿ, ಫೋಟೋ ನೋಡಿ ಮಾಡಿದ ಸಿನಿಮಾ ನಟರ ಮುಖಗಳನ್ನ ಮನೇಲೇ ಬಿಡ್ಲಿ.

ಪ್ರ: ಚಿತ್ರಸಂತೆಯಲ್ಲಿ ನನ್ನಂಥ ಹೊಸಬರು ಕೂರಬಹುದಾ? ಏನೇನು ತಯಾರಿ?
– ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು

ಉ: ಕೂರಬಹುದು, ಆದ್ರೆ ಅವತ್ತು ಬೆಳಗ್ಗೆ ಹೋಗಿ ಟವಲ್ ಹಾಸಿದ್ರೆ ಆಗಲ್ಲ. ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೇಲಿ ನಡೆಸೋ ಸಂತೆ ಅದು, ತಿಂಗಳುಗಳ ಮುಂಚೆಯೇ ಅರ್ಜಿ ಕರೀತಾರೆ, ಮಳೆಗಾಲ ಮುಗೀತಿದ್ದ ಹಾಗೇ ಅವರ ಪ್ರಕಟಣೆ ಗಮನಿಸ್ತಾ ಇರಿ. ಈ ಜನವರಿ ಸುಮ್ಮನೆ ನೋಡೋಕೆ ಹೋಗಿ, ಯಾವ ಅಳತೆ ಚಿತ್ರ ಕೈ ಬದಲಾಗ್ತಿದೆ ಅಂತ ಗಮನಿಸಿ, ಗೋಡೆಯಷ್ಟು ದೊಡ್ಡದನ್ನ ಮೆಟ್ರೋದಲ್ಲಿ ಬಂದವರು ಹೇಗೆ ತಗೊಂಡು ಹೋಗ್ತಾರೆ ಹೇಳಿ. ಎ4 ಅಳತೆ, ಅದಕ್ಕಿಂತ ಚಿಕ್ಕವನ್ನ ಮೌಂಟ್ ಬೋರ್ಡಿಗೆ ಹಾಕಿ ಪಾರದರ್ಶಕ ಕವರಲ್ಲಿಡಿ, ಬೆರಳಚ್ಚು ತಪ್ಪುತ್ತೆ, ಒಂದು ಹನಿ ಮಳೆ ಬಂದ್ರೂ ಭಯ ಇಲ್ಲ. ಪ್ರತಿ ಕವರ್ ಹಿಂದೆ ಬೆಲೆ ಬರೆದಿಡಿ. ಕೇಳಿದಾಗ ಮುಖ ನೋಡಿ ಬೆಲೆ ಹೇಳೋ ಅಭ್ಯಾಸ ಬೇಡ, ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತೆ. ಬಟ್ಟೆ ಕ್ಲಿಪ್ಪು, ನೈಲಾನ್ ಹಗ್ಗ, ಮಡಚೋ ಸ್ಟೂಲು, ಚಿಲ್ಲರೆ, ಯುಪಿಐ ಕ್ಯೂಆರ್ ಪ್ರಿಂಟು, ಛತ್ರಿ, ಎರಡು ಬಾಟ್ಲಿ ನೀರು. ಜೊತೆಗೊಬ್ಬರು ಇರ್ಲಿ, ಇಡೀ ದಿನದ ಕೆಲಸ, ನೀವು ಊಟಕ್ಕೆ, ಬಾತ್‌ರೂಮಿಗೆ ಹೋದಾಗ ಸ್ಟಾಲ್ ನೋಡ್ಕೊಳ್ಳೋರು ಬೇಕಲ್ಲ. ಬಣ್ಣದ ಡಬ್ಬಿನೂ ತಗೊಂಡು ಹೋಗಿ, ಕೂತು ಬರೀತಾ ಇರೋರ ಮುಂದೆ ಜನ ಹೆಚ್ಚು ಹೊತ್ತು ನಿಲ್ತಾರೆ.